ಅಮೆರಿಕದ ಪ್ರಗತಿಪರ ಯುಗ: ತಿದ್ದುಪಡಿಗಳ ಪಟ್ಟಿಯಾಚೆಗೆ ಪಾಠ ಮಾಡುವುದು ಹೇಗೆ?

ಪ್ರಶ್ನೆ (ಇತಿಹಾಸ ಉಪನ್ಯಾಸಕಿ, ಹಾಸನ)

ಪದವಿ ತರಗತಿಗೆ ಅಮೆರಿಕದ ಇತಿಹಾಸ ಬೋಧಿಸುತ್ತಿದ್ದೇನೆ. 1890ರ ದಶಕದಿಂದ 1920ರವರೆಗಿನ, ರಾಜಕೀಯ ಸುಧಾರಣೆಗಳ ಕಾಲವಾದ ಪ್ರಗತಿಪರ ಯುಗಕ್ಕೆ ನನಗೆ ಸಿಗುವುದು ಮೂರ್ನಾಲ್ಕು ತರಗತಿಗಳು ಮಾತ್ರ. ಸಂವಿಧಾನದ 16ರಿಂದ 19ನೆಯ ತಿದ್ದುಪಡಿಗಳು (ಆದಾಯ ತೆರಿಗೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ಗೆ ನೇರ ಆಯ್ಕೆ, ಮದ್ಯನಿಷೇಧ, ಮಹಿಳಾ ಮತದಾನ), ವಿಸ್ಕಾನ್ಸಿನ್ ರಾಜ್ಯದಲ್ಲಿ ಗವರ್ನರ್ ರಾಬರ್ಟ್ ಲಾ ಫಾಲೆಟ್ ತಂದ ನೇರ ಪ್ರಾಥಮಿಕ ಚುನಾವಣೆ (ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವುದು), 1902ರಲ್ಲಿ ಆರೆಗಾನ್ ರಾಜ್ಯ ಒಪ್ಪಿಕೊಂಡ ಜನಮತಗಣನೆ (ಕಾನೂನನ್ನು ಜನರ ಮತಕ್ಕೇ ಹಾಕುವುದು), ಇವೆಲ್ಲವನ್ನೂ ವಿದ್ಯಾರ್ಥಿಗಳು ಬಾಯಿಪಾಠ ಮಾಡಿ ಬರೆಯುತ್ತಾರೆ. ಆದರೆ ಇವು ಯಾಕೆ ಬೇಕಾದವು ಎಂದು ಕೇಳಿದರೆ ‘ಭ್ರಷ್ಟಾಚಾರ ಹೆಚ್ಚಿತ್ತು’ ಎಂದು ಹೇಳಿ ಸುಮ್ಮನಾಗುತ್ತಾರೆ. ಅನುಭವಿಗಳು ದಾರಿ ತೋರಿಸಬೇಕಾಗಿ ವಿನಂತಿ.

ಉತ್ತರ (ನಿವೃತ್ತ ಪ್ರಾಧ್ಯಾಪಕ, ಮೈಸೂರು)

ಮೇಡಂ, ಎಲ್ಲ ಸುಧಾರಣೆಗಳನ್ನೂ ಮುಟ್ಟಲು ಹೋಗಬೇಡಿ. ಸೆನೆಟರುಗಳನ್ನು ಜನರೇ ಆರಿಸುವಂತೆ ಮಾಡಿದ 17ನೆಯ ತಿದ್ದುಪಡಿಯೊಂದನ್ನೇ ಹಿಡಿದುಕೊಳ್ಳಿ, ಅದನ್ನೂ ಮೊಂಟಾನಾ ರಾಜ್ಯದಿಂದ ಆರಂಭಿಸಿ. 1913ರವರೆಗೆ ಸೆನೆಟರುಗಳನ್ನು ಆರಿಸುತ್ತಿದ್ದವರು ಜನರಲ್ಲ, ಆಯಾ ರಾಜ್ಯದ ಶಾಸಕರು. 1899ರಲ್ಲಿ ತಾಮ್ರದ ಗಣಿಗಳ ಒಡೆಯ ವಿಲಿಯಂ ಕ್ಲಾರ್ಕ್ ಸೆನೆಟ್ ಸ್ಥಾನಕ್ಕೆ ನಿಂತಾಗ, ಫ್ರೆಡ್ ವೈಟ್‌ಸೈಡ್ ಎಂಬ ಶಾಸಕರು ಅವನ ಪರವಾಗಿ ಮತ ಕೊಳ್ಳಲು ಬಂದ ಹಣವೆಂದು 30,000 ಡಾಲರುಗಳನ್ನು ಬಹಿರಂಗಪಡಿಸಿದರು. ಅಷ್ಟಾದರೂ ಶಾಸನಸಭೆ ಕ್ಲಾರ್ಕ್‌ನನ್ನೇ ಆರಿಸಿ ಕಳಿಸಿತು. ಸೆನೆಟ್‌ನ ಸಮಿತಿ ವಿಚಾರಣೆ ನಡೆಸಿ ಆಯ್ಕೆ ಸಿಂಧುವಲ್ಲವೆಂದಾಗ, 1900ರಲ್ಲಿ ಅವನು ರಾಜೀನಾಮೆ ಕೊಟ್ಟ. ಗವರ್ನರ್ ರಾಜ್ಯದಲ್ಲಿಲ್ಲದ ಹೊತ್ತು ನೋಡಿ, ಲೆಫ್ಟಿನೆಂಟ್ ಗವರ್ನರ್ ಅದೇ ಖಾಲಿ ಸ್ಥಾನಕ್ಕೆ ಅದೇ ಕ್ಲಾರ್ಕ್‌ನನ್ನು ನೇಮಿಸಿದರು! ಆ ನೇಮಕ ನಿಲ್ಲಲಿಲ್ಲ ನಿಜ, ಆದರೆ 1901ರಲ್ಲಿ ಶಾಸಕರು ಅವನನ್ನು ಮತ್ತೆ ಆರಿಸಿದರು, ಅವನು ಪೂರ್ಣಾವಧಿ ಮುಗಿಸಿದ.

ಇದನ್ನು ಹೇಳಿ, ಮುಂದೆ ಏನು ಮಾಡಬಹುದಿತ್ತು ಎಂದು ವಿದ್ಯಾರ್ಥಿಗಳನ್ನೇ ಕೇಳಿ. ನಮ್ಮ ರಾಜ್ಯಸಭೆಗೂ ಶಾಸಕರೇ ಮತ ಹಾಕುವುದರಿಂದ, ಅಡ್ಡಮತದಾನ ಮತ್ತು ರೆಸಾರ್ಟ್‌ನ ಸುದ್ದಿಗಳನ್ನು ಓದಿ ಬೆಳೆದ ನಮ್ಮ ಹುಡುಗರಿಗೆ ವಿಷಯ ಬೇಗ ತಲೆಗೆ ಹೋಗುತ್ತದೆ. ಸೆನೆಟ್ ಸ್ವಇಚ್ಛೆಯಿಂದ ಬದಲಾಗಲಿಲ್ಲ ಎಂಬುದನ್ನು ಮರೆಯದೆ ಹೇಳಿ: ಆರೆಗಾನ್‌ನಂಥ ರಾಜ್ಯಗಳು ಜನರ ಆಯ್ಕೆಗೆ ತಮ್ಮ ಶಾಸಕರನ್ನು ಕಟ್ಟಿಹಾಕತೊಡಗಿದ್ದವು, ಸಂವಿಧಾನ ತಿದ್ದಲು ಸಮಾವೇಶ ಕರೆಯಬೇಕೆಂಬ ಒತ್ತಾಯವೂ ರಾಜ್ಯಗಳಿಂದ ಬರುತ್ತಿತ್ತು.

ಉತ್ತರ (ಸಮಾಜ ವಿಜ್ಞಾನ ಶಿಕ್ಷಕ, ಅಮೆರಿಕದಲ್ಲಿ ವಾಸ)

ಹಿರಿಯರ ಮಾತನ್ನು ಒಪ್ಪುತ್ತಲೇ ಒಂದು ತಕರಾರು ಇಡುತ್ತೇನೆ. ಮೊಂಟಾನಾದ ಕಥೆಯೊಂದನ್ನೇ ಹೇಳಿದರೆ ಸುಧಾರಕರೆಲ್ಲ ಸಜ್ಜನರು, ವಿರೋಧಿಗಳೆಲ್ಲ ಲಂಚಕೋರರು ಎಂಬ ತೀರ್ಮಾನ ಉಳಿದುಬಿಡುತ್ತದೆ. ಜನರ ಕೈಗೆ ಅಧಿಕಾರ ಕೊಡುತ್ತೇವೆಂದು ಹೇಳಿದ ಆ ವರ್ಷಗಳಲ್ಲೇ ದಕ್ಷಿಣದ ರಾಜ್ಯಗಳು ಕಪ್ಪು ಜನರ ಮತವನ್ನು ಕಿತ್ತುಕೊಂಡವು. ಲೂಯಿಸಿಯಾನಾದಲ್ಲಿ 1896ರಲ್ಲಿ 1,30,000ಕ್ಕೂ ಹೆಚ್ಚು ಕಪ್ಪು ಮತದಾರರು ನೋಂದಾಯಿತರಾಗಿದ್ದರು. 1898ರ ರಾಜ್ಯ ಸಂವಿಧಾನ ಅಕ್ಷರಜ್ಞಾನ ಮತ್ತು ಆಸ್ತಿಯ ಷರತ್ತುಗಳನ್ನು ಹೇರಿದ ಬಳಿಕ, 1904ರ ಹೊತ್ತಿಗೆ ಆ ಸಂಖ್ಯೆ 1,342ಕ್ಕೆ ಇಳಿದಿತ್ತು. ವಿಸ್ಕಾನ್ಸಿನ್‌ನಲ್ಲಿ ಪಕ್ಷದ ದಣಿಗಳ ಹಿಡಿತ ಸಡಿಲಿಸಲು ಬಂದ ಪ್ರಾಥಮಿಕ ಚುನಾವಣೆ ದಕ್ಷಿಣದಲ್ಲಿ ಬಿಳಿಯರಿಗೆ ಮಾತ್ರ ಮೀಸಲಾದ ಚುನಾವಣೆಯಾಯಿತು. ಅದನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು 1944ರಲ್ಲಿ.

ನಗರಾಡಳಿತದ ಪಾಠಕ್ಕೂ ಇದೇ ಮಾತು ಅನ್ವಯಿಸುತ್ತದೆ. 1900ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಟೆಕ್ಸಾಸ್‌ನ ಗಾಲ್ವೆಸ್ಟನ್‌ನಲ್ಲಿ ಕನಿಷ್ಠ 6,000 ಜನ ಸತ್ತ ಮೇಲೆ, ಊರನ್ನು ಮತ್ತೆ ಕಟ್ಟಲೆಂದು ನಗರಸಭೆಯ ಬದಲು ಐದು ಮಂದಿಯ ಆಯೋಗವನ್ನು ತಂದರು. ದಕ್ಷತೆ ಹೆಚ್ಚಾಯಿತೆಂದು ಹಲವು ನಗರಗಳು ಇದನ್ನು ಅನುಸರಿಸಿದವು. ಆದರೆ ಹಾಗೆ ಅನುಸರಿಸಿದ ಕಡೆ ವಾರ್ಡುಗಳು ಹೋಗಿ ಇಡೀ ನಗರವೇ ಒಂದು ಕ್ಷೇತ್ರವಾದಾಗ, ತಮ್ಮ ವಾರ್ಡಿನಲ್ಲಿ ಗೆಲ್ಲಬಹುದಾಗಿದ್ದ ಬಡವರಿಗೆ, ಅಲ್ಪಸಂಖ್ಯಾತರಿಗೆ ಗೆಲುವು ದೂರವಾಯಿತು. ನನ್ನ ಮಟ್ಟಿಗೆ ಈ ಯುಗದ ಅತ್ಯಂತ ಬೋಧನಾಯೋಗ್ಯ ಪ್ರಸಂಗ ಇದೇ, ಏಕೆಂದರೆ ಇಲ್ಲಿ ಖಳನಾಯಕ ಯಾರೆಂದು ಬೆರಳು ತೋರಿಸುವುದು ಸುಲಭವಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆದರೆ ಪರೀಕ್ಷೆಯಲ್ಲಿ ‘ಪ್ರಗತಿಪರ ಯುಗದ ಸಾಧನೆಗಳನ್ನು ವಿವರಿಸಿ’ ಎಂದೇ ಹತ್ತು ಅಂಕದ ಪ್ರಶ್ನೆ ಬರುತ್ತದೆ. ಗಾಲ್ವೆಸ್ಟನ್ ಚರ್ಚಿಸುತ್ತ ಕುಳಿತರೆ ಅಂಕ ಕಳೆದುಕೊಳ್ಳುವರೆಂಬ ಅಂಜಿಕೆ ನನಗಿದೆ.

ಉತ್ತರ (ನಿವೃತ್ತ ಪ್ರಾಧ್ಯಾಪಕ, ಮೈಸೂರು)

ಅಂಜಬೇಡಿ. ತಿದ್ದುಪಡಿಗಳ ಪಟ್ಟಿಯನ್ನು ಒಂದು ಪುಟದ ಟಿಪ್ಪಣಿ ಮಾಡಿ ಕೊಟ್ಟುಬಿಡಿ; ಅದಕ್ಕೆ ತರಗತಿಯ ಸಮಯ ಬೇಡ. ಮೊದಲ ತರಗತಿ ಮೊಂಟಾನಾಕ್ಕೆ, ಎರಡನೆಯದು ಲೂಯಿಸಿಯಾನಾ ಮತ್ತು ಗಾಲ್ವೆಸ್ಟನ್‌ಗೆ ಇರಲಿ. ಮೂರನೆಯದರಲ್ಲಿ ಮಹಿಳಾ ಮತದಾನದ 19ನೆಯ ತಿದ್ದುಪಡಿಯನ್ನು ತೆಗೆದುಕೊಂಡು, 1920ರಲ್ಲಿ ಲೂಯಿಸಿಯಾನಾದ ಕಪ್ಪು ಮಹಿಳೆಗೆ ಅದರಿಂದ ಏನು ಸಿಕ್ಕಿತೆಂದು ವಿದ್ಯಾರ್ಥಿಗಳಿಂದಲೇ ಅರ್ಧ ಪುಟ ಬರೆಸಿ. ‘ಸಾಧನೆಗಳನ್ನು ವಿವರಿಸಿ’ ಎಂಬ ಪ್ರಶ್ನೆಗೆ ಕೊನೆಯಲ್ಲಿ ಮಿತಿಗಳ ಬಗ್ಗೆ ನಾಲ್ಕು ಸಾಲು ಸೇರಿಸಿದವರಿಗೆ ಮೌಲ್ಯಮಾಪಕರು ಅಂಕ ಕತ್ತರಿಸಿದ್ದನ್ನು ನಾನಂತೂ ನೋಡಿಲ್ಲ.