ಟೊಮೆಟೊ ಗಿಡದ ಮೂರು ಫೋಟೊಗೆ ಉತ್ತರ

ಅತ್ತಿಗೆ, ಟೊಮೆಟೊ ಗಿಡದ ಮೂರು ಫೋಟೊ ಹಾಕಿ, ಮೂರಕ್ಕೂ ಸೇರಿ ಏನು ಹೊಡೀಲಿ ಅಂತ ಕೇಳಿದ್ರಲ್ಲ, ಒಂದೇ ಔಷಧಿ ನಡೆಯಲ್ಲ. ಮೂರೂ ಬೇರೆ ಬೇರೆ ರೋಗ.

ಮೊದಲು ಆ ಜೋತುಬಿದ್ದ ಗಿಡ ನೋಡಿ, ಅದೇ ಅವಸರದ್ದು. ಎಲೆ ಹಸಿರಾಗೇ ಇದೆ, ಮಣ್ಣಲ್ಲಿ ತೇವ ಇದೆ, ಆದ್ರೂ ಬಾಡಿದೆ. ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ ಇರ್ಬೇಕು. ಖಾತ್ರಿ ಮಾಡ್ಕೊಳ್ಳೋಕೆ ಬುಡದ ಕಾಂಡ ನಾಲ್ಕು ಬೆರಳುದ್ದ ಕತ್ತರಿಸಿ. ಗಾಜಿನ ಲೋಟದಲ್ಲಿ ತಿಳಿನೀರು ಹಾಕಿ, ಕತ್ತರಿಸಿದ ತುದಿ ನೀರಿಗೆ ತಾಗಿಸಿ ಅಲ್ಲಾಡಿಸದೆ ಹಿಡೀರಿ. ಎರಡು-ಮೂರು ನಿಮಿಷದಲ್ಲಿ ತುದಿಯಿಂದ ಬಿಳಿ ದ್ರವ ಎಳೆ ಎಳೆಯಾಗಿ ಇಳಿದ್ರೆ ಅದೇ. ಈ ರೋಗ ಬಂದ ಗಿಡಕ್ಕೆ ಔಷಧಿ ಇಲ್ಲ. ಬೇರಿನ ಸುತ್ತಲ ಮಣ್ಣಿನ ಸಮೇತ ಕಿತ್ತು ಕವರಲ್ಲಿ ಸಾಗಿಸಿ, ಒಣಗಿಸಿ ಸುಡಿ. ದಯವಿಟ್ಟು ಗೊಬ್ಬರದ ಗುಂಡಿಗೆ ಹಾಕ್ಬೇಡಿ. ಅಲ್ಲಿಯ ನೀರು ಪಕ್ಕದ ಗಿಡಕ್ಕೆ ಹರಿಯಬಾರದು, ರೋಗ ನೀರಲ್ಲೇ ಸಾಗುತ್ತೆ. ಗುದ್ದಲಿ, ಕತ್ತರಿ ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೀರಿ. ಆ ಪಾತಿಗೆ ಎರಡು-ಮೂರು ವರ್ಷ ಟೊಮೆಟೊ ಮಾತ್ರ ಅಲ್ಲ, ಬದನೆ, ಮೆಣಸಿನಕಾಯಿ, ಆಲೂಗಡ್ಡೆನೂ ಬೇಡ. ಮುಸುಕಿನ ಜೋಳ ಅಥವಾ ಈರುಳ್ಳಿ ಹಾಕಿ.

ಎರಡನೇ ಫೋಟೊದಲ್ಲಿ ತುದಿ ಎಲೆ ಸಣ್ಣದಾಗಿ ಮುದುಡಿರೋದು ಎಲೆ ಮುಟುರು ರೋಗ, ವೈರಸ್. ಗಿಡ ಅಲ್ಲಾಡಿಸಿ ನೋಡಿ, ಹಿಟ್ಟು ಹಾರಿದ ಹಾಗೆ ಬಿಳಿನೊಣ ಏಳುತ್ವೆ, ಹರಡೋದು ಅವೇ. ಆ ಗಿಡ ತೆಗೆದುಬಿಡಿ. ಉಳಿದವಕ್ಕೆ 5 ಮಿ.ಲೀ. ಬೇವಿನೆಣ್ಣೆಗೆ 1 ಮಿ.ಲೀ. ದ್ರವ ಸೋಪು ಕಲಸಿ, ಆಮೇಲೆ 1 ಲೀಟರ್ ನೀರು ಸೇರಿಸಿ, ಸಂಜೆ ಎಲೆಯ ಅಡಿಭಾಗಕ್ಕೆ ಹೊಡೀರಿ. ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ. ವಾರಕ್ಕೊಮ್ಮೆ ಸಾಕು. ಅಂಟು ಹಚ್ಚಿದ ಹಳದಿ ಹಾಳೆನೂ ಗಿಡದ ಎತ್ತರಕ್ಕೆ ಕಟ್ಟಿ.

ಮೂರನೇ ಫೋಟೊದಲ್ಲಿ ಕೆಳಗಿನ ಎಲೆಗಳ ಕಂದು ಚುಕ್ಕೆ ದೊಡ್ಡದು ಮಾಡಿ ನೋಡಿದೆ, ಒಳಗೆ ಒಂದರೊಳಗೊಂದು ಉಂಗುರ ಇದೆ. ಅಂಗಮಾರಿ, ಶಿಲೀಂಧ್ರದ್ದು. ನೀರು ಬಿದ್ದಾಗ ಮಣ್ಣು ಸಿಡಿದು ಎಲೆಗೆ ಹತ್ತುತ್ತೆ, ಅದಕ್ಕೇ ಕೆಳಗಿಂದ ಶುರು. ನೆಲದಿಂದ ಒಂದಡಿ ತನಕ ಎಲೆ ತೆಗೀರಿ, ಬುಡಕ್ಕೆ ಒಣಹುಲ್ಲು ಹೊದಿಸಿ, ನೀರು ಬೆಳಿಗ್ಗೆ ಬುಡಕ್ಕೆ ಮಾತ್ರ. ಇಷ್ಟಕ್ಕೂ ನಿಲ್ಲದಿದ್ರೆ ಶೇಕಡ 1ರ ಬೋರ್ಡೋ ದ್ರಾವಣ ಹೊಡೀರಿ, ಅಂದ್ರೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡೋ ಶಿಲೀಂಧ್ರದ ಔಷಧಿ. 10 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್) ಅರ್ಧ ಲೀಟರ್ ನೀರಲ್ಲಿ, 10 ಗ್ರಾಂ ಸುಟ್ಟ ಸುಣ್ಣ ಇನ್ನರ್ಧದಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್‌ನಲ್ಲಿ. ತುತ್ತದ ನೀರನ್ನ ಸುಣ್ಣದ ನೀರಿಗೆ ನಿಧಾನ ಹಾಕಿ ಕಲಕಿ. ತಿಕ್ಕಿದ ಕಬ್ಬಿಣದ ಬ್ಲೇಡ್ ಒಂದು ನಿಮಿಷ ಅದ್ದಿ ತೆಗೀರಿ. ತಾಮ್ರದ ಕೆಂಪು ಹತ್ತಿದ್ರೆ ಸುಣ್ಣ ಸಾಲದು, ಹಾಗೇ ಹೊಡೆದ್ರೆ ಎಲೆ ಕರಕಲಾಗುತ್ತೆ, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಅವತ್ತೇ ಬಳಸಿ ಮುಗಿಸಿ, ಬೇವಿನೆಣ್ಣೆ ಜೊತೆ ಬೆರೆಸ್ಬೇಡಿ.

ಮುಂದಿನ ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಬೀಜ ತರಿಸಿ. ಈ ಮೂರು ರೋಗ ತಡ್ಕೊಳ್ಳೋಕಂತಲೇ ಬಂದ ತಳಿ ಅದು. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ಎತ್ತಿಡ್ಬೇಡಿ, ಪ್ರತಿ ಸಲ ಹೊಸದೇ ತಗೊಳ್ಳಿ.