ಕೋವಿಯ ತೋಟಾ (ಕಾರ್ಟ್ರಿಜ್) ಮನೆಯಲ್ಲೇ ತುಂಬಿಕೊಂಡರೆ ಲಾಭ ಉಂಟಾ?

ಪ್ರಶ್ನೆ – ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಬೆಳೆ ರಕ್ಷಣೆ ಪರವಾನಗಿಯಲ್ಲಿ ಹನ್ನೆರಡು ಬೋರಿನ ಜೋಡಿ ನಳಿಗೆ ಕೋವಿ ಇದೆ. ಅಜ್ಜನ ಕಾಲದ್ದು, ಇಂಗ್ಲೆಂಡಿನಲ್ಲಿ ತಯಾರಾದದ್ದು. ತೋಟಾ ಬೇಕೆಂದರೆ ಶಿವಮೊಗ್ಗಕ್ಕೇ ಹೋಗಬೇಕು, ಹೋದಾಗೆಲ್ಲ ಸ್ಟಾಕ್ ಇರುತ್ತದೆ ಎಂದೂ ಇಲ್ಲ. ಅಮೆರಿಕದಲ್ಲಿರುವ ಅಣ್ಣನ ಮಗ ಹಾರಿಸಿದ ತೋಟಾದ ಖಾಲಿ ಕೇಸಿಗೆ (ಹೊರಕವಚಕ್ಕೆ) ಮತ್ತೆ ಮದ್ದು, ಗುಂಡು ತುಂಬಿಕೊಳ್ಳುತ್ತಾನಂತೆ, ಅರ್ಧಕ್ಕರ್ಧ ದುಡ್ಡು ಉಳಿಯುತ್ತದೆ ಅನ್ನುತ್ತಾನೆ. ಮುಂದಿನ ಸಲ ಬರುವಾಗ ತುಂಬುವ ಯಂತ್ರ ತರಲಾ ಎಂದು ಕೇಳುತ್ತಿದ್ದಾನೆ. ಹಾರಿಸಿದ ಖಾಲಿ ಕೇಸುಗಳು ಒಂದು ಡಬ್ಬ ಇವೆ. ತರಿಸಬಹುದಾ? ಕೂತು ತುಂಬುವ ಹೊತ್ತಿಗೆ ತಕ್ಕ ಲಾಭ ಇದೆಯಾ?

ಉತ್ತರ – ವಕೀಲರು, ಸಾಗರ

ಯಂತ್ರ ತರಿಸಲೇಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ ಮದ್ದುಗುಂಡು ಎಂದರೆ ತುಂಬಿದ ತೋಟಾ ಮಾತ್ರ ಅಲ್ಲ. ತೋಟಾದ ಬಿಡಿಭಾಗ, ತೋಟಾ ತಯಾರಿಸುವ ಯಂತ್ರ ಎಲ್ಲವೂ ಅದರೊಳಗೇ ಬರುತ್ತವೆ. ಅಂದರೆ ನಿಮ್ಮ ಅಣ್ಣನ ಮಗನ ಸೂಟ್‌ಕೇಸಿನಲ್ಲಿರುವ ಪ್ರೆಸ್ಸು (ತುಂಬುವ ಯಂತ್ರ) ವಿಮಾನ ನಿಲ್ದಾಣದ ಕಸ್ಟಮ್ಸ್ ಟೇಬಲ್ಲಿನ ಮೇಲೆ ಬರೀ ಕಬ್ಬಿಣದ ಸಾಮಾನು ಆಗಿರುವುದಿಲ್ಲ. ತಯಾರಿಕೆಗೆ 5ನೇ ಸೆಕ್ಷನ್ ಪ್ರಕಾರ ಬೇರೆಯದೇ ಪರವಾನಗಿ ಬೇಕು. ನಿಮ್ಮ ಬಳಿ ಇರುವುದು ಕೋವಿ ಇಟ್ಟುಕೊಳ್ಳುವ ಪರವಾನಗಿ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದೆ ತಯಾರಿಸಿದರೆ 25ನೇ ಸೆಕ್ಷನ್ನಿನಲ್ಲಿ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ನಾಲ್ಕು ಕಾಸು ಉಳಿಸಲು ಹೋಗಿ ಇಷ್ಟಕ್ಕೆ ತಲೆ ಕೊಡುವುದು ಬೇಡ.

ಖಾಲಿ ಕೇಸುಗಳನ್ನು ಎಸೆಯಬೇಡಿ. ಹೊಸ ತೋಟಾ ಕೊಳ್ಳುವಾಗ, ಪರವಾನಗಿ ನವೀಕರಣದ ಹೊತ್ತಿಗೆ, ಹಾರಿಸಿದ್ದಕ್ಕೆ ಲೆಕ್ಕ ಕೇಳುವುದುಂಟು. ಇನ್ನೊಂದು ಮಾತು: ಬೆಳೆ ರಕ್ಷಣೆ ಎಂದು ಬರೆದಿದ್ದ ಮಾತ್ರಕ್ಕೆ ಪ್ರಾಣಿ ಹೊಡೆಯುವ ಅನುಮತಿ ಸಿಕ್ಕಿತು ಎಂದಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ವನ್ಯಜೀವಿ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ಅದನ್ನು ಹೊಡೆಯಲು 11ನೇ ಸೆಕ್ಷನ್ನಿನ ಪ್ರಕಾರ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು.

ಪ್ರಶ್ನೆ – ಅದೇ ಬೆಳೆಗಾರರು

ಸರಿ, ಯಂತ್ರದ ಮಾತು ಬಿಟ್ಟೆ. ಆದರೆ ಪಕ್ಕದ ಮನೆಯವರು ಕೇಪಿನ ಕೋವಿಗೆ ಮದ್ದು, ಚರೆ ಕೊಂಡು ತಾವೇ ತುಂಬುತ್ತಾರಲ್ಲ, ಅದು ಹೇಗೆ ನಡೆಯುತ್ತದೆ?

ಉತ್ತರ – ಕೋವಿ ರಿಪೇರಿ ಪರವಾನಗಿದಾರರು, ಶಿವಮೊಗ್ಗ

ಕೇಪಿನ ಕೋವಿಗೆ ನಳಿಗೆಯ ಬಾಯಿಂದ ಮದ್ದು, ಚರೆ (ಸಣ್ಣ ಸೀಸದ ಗುಂಡು) ಹಾಕಿ, ಗಜದಿಂದ (ಉದ್ದನೆಯ ಸಲಾಕೆಯಿಂದ) ಜಡಿದು, ಹಿಂದೆ ಕೇಪು (ಮದ್ದು ಹೊತ್ತಿಸುವ ಸಣ್ಣ ಸಿಡಿಟೋಪಿ) ಇಟ್ಟು ಹಾರಿಸುವುದೇ ಕ್ರಮ. ಅಲ್ಲಿ ಪ್ರತ್ಯೇಕ ತೋಟಾ ಎಂಬುದೇ ಇಲ್ಲ. ಅವರ ಪರವಾನಗಿಯಲ್ಲಿ ಮದ್ದು ಎಷ್ಟು, ಕೇಪು ಎಷ್ಟು ಎಂದು ನಮೂದಾಗಿರುತ್ತದೆ, ಅಷ್ಟನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆ. ಆ ಕರಿಮದ್ದನ್ನು ನಿಮ್ಮ ತೋಟಾ ಕೇಸಿಗೆ ತುಂಬುವ ಯೋಚನೆ ತಲೆಗೆ ಬಂದಿದ್ದರೆ ಈಗಲೇ ತೆಗೆದುಹಾಕಿ. ಅದಕ್ಕಿಂತ ಕೆಟ್ಟದ್ದು ಇದರ ತಿರುವು: ತೋಟಾ ಒಡೆದು ಅದರೊಳಗಿನ ಹೊಗೆಯಿಲ್ಲದ ಮದ್ದನ್ನು ಕೇಪಿನ ಕೋವಿಗೆ, ಕರಿಮದ್ದಿನ ಅಳತೆಯ ಚಿಪ್ಪಿನಲ್ಲೇ ಅಳೆದು ಹಾಕುವುದು. ಚಿಪ್ಪು ಅಷ್ಟೇ, ಶಕ್ತಿ ಹಲವು ಪಟ್ಟು. ನಳಿಗೆ ಸೀಳಿ ಬೆರಳು ಹೋಗುವುದು ಹೀಗೆ. ಪಟಾಕಿ ಮದ್ದು, ಬೆಂಕಿಕಡ್ಡಿ ಮದ್ದು ಅಂತೂ ಉರಿಯುವುದಲ್ಲ, ಸಿಡಿಯುವುದು.

ಈಗ ಲಾಭದ ಪ್ರಶ್ನೆಗೆ ಬರೋಣ. ಕಾನೂನನ್ನು ಒಂದು ಕ್ಷಣ ಪಕ್ಕಕ್ಕಿಟ್ಟರೂ ನಿಮ್ಮ ಲೆಕ್ಕ ಕೂಡುವುದಿಲ್ಲ. ಒಂದು ತೋಟಾಕ್ಕೆ ನೂರು ರೂಪಾಯಿ, ತುಂಬಿಕೊಂಡರೆ ಐವತ್ತು ಉಳಿತಾಯ ಎಂದೇ ಹಿಡಿಯಿರಿ. ಹಂದಿ, ಮಂಗ ಬೆದರಿಸಲು ವರ್ಷಕ್ಕೆ ಇಪ್ಪತ್ತು ಹಾರಿಸುತ್ತೀರಿ ಅಂದುಕೊಳ್ಳಿ. ವರ್ಷಕ್ಕೆ ಸಾವಿರ ರೂಪಾಯಿ. ಅದಕ್ಕೆ ಪ್ರೆಸ್ಸು, ತಕ್ಕಡಿ, ಪ್ರೈಮರು (ತೋಟಾದ ಬುಡದಲ್ಲಿ ಮದ್ದು ಹೊತ್ತಿಸುವ ಬಟ್ಟಲು), ವ್ಯಾಡು (ಮದ್ದು, ಚರೆಗಳ ನಡುವಿನ ಬಿಲ್ಲೆ), ಮದ್ದು ಎಲ್ಲ ಹೊಂದಿಸುವ ಹೊತ್ತಿಗೆ ತೋಟದಲ್ಲಿ ಎರಡು ಕೊಳೆ ಔಷಧಿ ಹೊಡೆದು ಮುಗಿಯುತ್ತದೆ.

ಆ ಡಬ್ಬದ ಖಾಲಿ ಕೇಸು ಕಣ್ಣಿಗೆ ಗಟ್ಟಿಯಾಗೇ ಕಾಣುತ್ತದೆ. ಬಾಯಿ ಹತ್ತಿರ ಬೆಳಕಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ಮಡಚಿದ ಆರು ಗೆರೆಗಳ ಬುಡದಲ್ಲಿ ಬಿಳಿಚಿಕೊಂಡು ಸಣ್ಣ ಬಿರುಕು ಇರುತ್ತದೆ. ಮತ್ತೆ ಮಡಚಿದರೆ ಅಲ್ಲಿ ಬಿಗಿ ಸಿಗುವುದಿಲ್ಲ. ಮಡಿಕೆ ಸಡಿಲವಾದರೆ ಒಳಗಿನ ಒತ್ತಡ ಸರಿಯಾಗಿ ಏರುವ ಮೊದಲೇ ಚರೆ ಹೊರಟುಬಿಡುತ್ತದೆ, ಮದ್ದು ಅರೆಬರೆ ಉರಿಯುತ್ತದೆ, 'ಠುಸ್' ಎಂಬ ಸದ್ದು ಬರುತ್ತದೆ. ಆ ಸದ್ದಿಗೆ ಹೆದರಬೇಕು. ವ್ಯಾಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಬಿರಿಯುತ್ತದೆ. ಸದ್ದು ಕಡಿಮೆ ಅನ್ನಿಸಿದರೆ ಕೋವಿಯನ್ನು ಬಾಗಿಸಿ ತೆರೆದು, ಎರಡೂ ನಳಿಗೆ ಖಾಲಿ ಮಾಡಿ, ಹಿಂದಿನಿಂದ ಆಕಾಶಕ್ಕೆ ಹಿಡಿದು ನೋಡಿ. ದುಂಡನೆಯ ಬೆಳಕು ಕಾಣಲೇಬೇಕು. ಕುದುರೆ (ಬಡಿಯುವ ಸುತ್ತಿಗೆ) ಬಿದ್ದೂ ತೋಟಾ ಹಾರದಿದ್ದರೆ ನಳಿಗೆಯ ಬಾಯಿ ಅಪಾಯವಿಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷ ಕಾದು, ಆಮೇಲೆ ತೆರೆಯಿರಿ.

ನಿಮ್ಮ ವಿಷಯದಲ್ಲಿ ನನಗೆ ನಿಜವಾದ ಚಿಂತೆ ಕೋವಿಯ ವಯಸ್ಸು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟು ಎರಡೂವರೆ ಇಂಚಿನವು, ಅಂದರೆ 65 ಮಿಲಿಮೀಟರ್ ಚೇಂಬರಿನವು (ಚೇಂಬರ್ ಎಂದರೆ ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗ). ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 70 ಮಿಲಿಮೀಟರಿನದು. ಮೋಸ ಎಲ್ಲಿ ಅಂದರೆ, 70 ಎಂಬುದು ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ಕೇಸಿನ ಉದ್ದ. ಹಾರಿಸದ, ಮಡಚಿದ ತೋಟಾ ಅದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಗಿಡ್ಡ, ಹಾಗಾಗಿ ಗಿಡ್ಡ ಚೇಂಬರಿಗೂ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಹಾರುವಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಚೇಂಬರಿನ ಮುಂದಿನ ಇಳಿಜಾರಿಗೆ ಒತ್ತಿಕೊಂಡು ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ.

ಮುಂಗಟ್ಟಿಗೆ (ನಳಿಗೆಯ ಅಡಿಯ ಮರದ ತುಂಡು) ತೆಗೆದು ನಳಿಗೆ ಕಳಚಿ ತಿರುಗಿಸಿ. ಚೇಂಬರಿನ ಅಡಿಯ ಚಪ್ಪಟೆ ಜಾಗದಲ್ಲಿ ಪ್ರೂಫ್ ಗುರುತುಗಳು (ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಮುದ್ರೆ) ಇರುತ್ತವೆ. 2½ ಎಂದಿದೆಯೋ 2¾ ಎಂದಿದೆಯೋ ನೋಡಿ. ನೈಟ್ರೋ ಪ್ರೂಫ್ ಎಂದೋ ಅದರ ಕಿರುರೂಪ ಎನ್‌ಪಿ ಎಂದೋ ಇಲ್ಲದಿದ್ದರೆ ಆ ನಳಿಗೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿಲ್ಲ ಎಂದೇ ತಿಳಿಯಿರಿ. ನಳಿಗೆಯ ಮೈಮೇಲೆ ಅಲೆ ಅಲೆಯಾಗಿ ಗೆರೆ ಕಂಡರೆ ಡಮಾಸ್ಕಸ್ (ಕಬ್ಬಿಣ, ಉಕ್ಕಿನ ಪಟ್ಟಿ ಸುತ್ತಿ ಬೆಸೆದ ನಳಿಗೆ). ಅದನ್ನು ನಮ್ಮಂಥ ರಿಪೇರಿಯವರಿಗೆ ತೋರಿಸದೆ ಹಾರಿಸಬೇಡಿ. ನೀವು ತುಂಬಿದ ತೋಟಾ ಇರಲಿ, ಕಾರ್ಖಾನೆಯದೇ ಇರಲಿ, ಅದರ ಒತ್ತಡ ತಡೆಯಬೇಕಾದದ್ದು ಈ ನಳಿಗೆಯೇ. ಮೊದಲು ಇದಕ್ಕೆ ಖರ್ಚು ಮಾಡಿ.

ಮನೆಯಲ್ಲಿ ಇಪ್ಪತ್ತು ಬೋರಿನ ತೋಟಾ ಇದ್ದರೆ ಬೇರೆಯೇ ಇಡಿ. ಬೋರಿನ ಸಂಖ್ಯೆ ಹೆಚ್ಚಿದಷ್ಟೂ ತೋಟಾ ಸಣ್ಣದು, ಹಾಗಾಗಿ ಅದು ಹನ್ನೆರಡರ ನಳಿಗೆಯಲ್ಲಿ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಖಾಲಿ ಎಂದುಕೊಂಡು ಹಿಂದಿನಿಂದ ಇನ್ನೊಂದು ತುರುಕಿದರೆ ಮುಗಿಯಿತು. ಇಪ್ಪತ್ತಕ್ಕೆ ಹಳದಿ ಬಣ್ಣ ಕೊಡುವುದು ಅದಕ್ಕೇ.

ಉತ್ತರ – ಹೊಸನಗರ ಮೂಲದವರು, ಈಗ ಟೆಕ್ಸಾಸ್‌ನಲ್ಲಿ ರೀಲೋಡಿಂಗ್ (ತೋಟಾ ಮತ್ತೆ ತುಂಬುವುದು) ಕಲಿಸುತ್ತಾರೆ

ಅಣ್ಣನ ಮಗ ಹೇಳಿದ ಅರ್ಧ ದುಡ್ಡಿನ ಲೆಕ್ಕ ಸುಳ್ಳಲ್ಲ, ಆದರೆ ಯಾವ ತೋಟಾಕ್ಕೆ ಎಂಬುದರ ಮೇಲೆ ಹೋಗುತ್ತದೆ. ಇಲ್ಲಿ ಅದು ಕಾನೂನುಬದ್ಧ ಹವ್ಯಾಸ. ಬೆಲೆ ಏರಿಳಿಯುತ್ತಲೇ ಇರುತ್ತದೆ, ಉದಾಹರಣೆಗೆಂದು ಒಂದಿಷ್ಟು ಅಂಕಿ ಹಿಡಿಯೋಣ.

9 ಎಂಎಂ ಪಿಸ್ತೂಲಿನದು: ಪ್ರೈಮರ್ 8 ಸೆಂಟ್, ಗುಂಡು 10 ಸೆಂಟ್. ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ, ಒಂದು ಪೌಂಡಿಗೆ 7000 ಗ್ರೇನ್. ಒಂದಕ್ಕೆ ನಾಲ್ಕೂವರೆ ಗ್ರೇನ್ ಅಂದರೆ 40 ಡಾಲರಿನ ಒಂದು ಪೌಂಡ್ ಡಬ್ಬದಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು, ಮದ್ದು ಎರಡೂವರೆ ಸೆಂಟ್ ಚಿಲ್ಲರೆ. ಕೇಸು ಪುಕ್ಕಟೆ ಎಂದರೂ ಒಟ್ಟು 20 ಸೆಂಟ್ ದಾಟುತ್ತದೆ. ಅಂಗಡಿಯದು 26 ಸೆಂಟಿಗೆ ಸಿಕ್ಕರೆ ಉಳಿಯುವುದು ಐದೂವರೆ ಸೆಂಟ್. ಒಂದೊಂದೇ ಹಂತ ಮಾಡುವ ಪ್ರೆಸ್ಸಿನಲ್ಲಿ ಗಂಟೆಗೆ ನೂರು ಮಾಡಿದರೂ ಕೂಲಿ ಐದೂವರೆ ಡಾಲರ್. 500 ಡಾಲರಿನ ಸಾಮಗ್ರಿ ವಸೂಲಾಗಲು ಒಂಬತ್ತು ಸಾವಿರ ದಾಟಬೇಕು.

308 ರೈಫಲ್, ಸ್ಪರ್ಧೆಯ ಗುಣಮಟ್ಟದ್ದು: ಗುಂಡು 48 ಸೆಂಟ್, ಮದ್ದು 28, ಪ್ರೈಮರ್ 9, ಒಂದು ಡಾಲರಿನ ಕೇಸನ್ನು ಹತ್ತು ಸಲ ಬಳಸಿದರೆ 10. ಒಟ್ಟು 95 ಸೆಂಟ್. ಅಂಗಡಿಯದು 1.60 ಡಾಲರ್ ಇದ್ದರೆ 65 ಸೆಂಟ್ ಉಳಿಯಿತು, ಎಂಟುನೂರು ತಲುಪುವುದರೊಳಗೆ ಸಾಮಗ್ರಿ ವಸೂಲು. ಜೊತೆಗೆ ನಿಮ್ಮ ರೈಫಲ್ಲಿಗೇ ಹೊಂದುವ ತೋಟಾ. ದುಡ್ಡಿಗಿಂತ ಈ ಹೊಂದಿಕೆಗಾಗಿಯೇ ಹೆಚ್ಚಿನವರು ತುಂಬುವುದು. ಆದರೆ ಪ್ರತಿ ಕೇಸನ್ನೂ ನೋಡಬೇಕು: ಉದ್ದ 51.18 ಮಿಲಿಮೀಟರ್ ದಾಟಿದರೆ ಕತ್ತರಿಸಬೇಕು, ಬುಡದ ಸ್ವಲ್ಪ ಮೇಲೆ ಹೊಳೆಯುವ ಉಂಗುರದಂಥ ಗೆರೆ ಕಂಡರೆ ಎಸೆಯಬೇಕು. ಒಳಗೋಡೆ ತೆಳುವಾಗಿ ಮುಂದಿನ ಸಲ ಅಲ್ಲೇ ಬೇರ್ಪಡುತ್ತದೆ ಎಂಬ ಸೂಚನೆ ಅದು.

ಹನ್ನೆರಡು ಬೋರಿಗೆ ಬಂದರೆ ಉಳಿತಾಯ ಬಹಳ ಸಣ್ಣದು. ಸೀಸದ ಚರೆ ಭಾರದ ಸಾಮಾನು, ಒಂದು ಔನ್ಸಿನ, ಅಂದರೆ 28 ಗ್ರಾಂ ಚಿಲ್ಲರೆಯ ತೋಟಾದಲ್ಲಿ ಹೆಚ್ಚು ದುಡ್ಡು ಅಲ್ಲೇ ಹೋಗುತ್ತದೆ. ಅಗ್ಗದ ಅಭ್ಯಾಸದ ಪೆಟ್ಟಿಗೆಯ ಎದುರು ಇಪ್ಪತ್ತೈದಕ್ಕೆ ಒಂದೆರಡು ಡಾಲರ್ ಉಳಿದರೆ ದೊಡ್ಡದು.

ಇಲ್ಲಿ ಆಗುವ ಅಪಘಾತಗಳು ಬಹುಪಾಲು ಗಮನ ತಪ್ಪಿದ್ದರಿಂದ. 9 ಎಂಎಂ ಕೇಸಿನಲ್ಲಿ ನಾಲ್ಕೂವರೆ ಗ್ರೇನ್ ಎರಡು ಸಲ ಬಿದ್ದರೂ ಹಲವು ಮದ್ದುಗಳಲ್ಲಿ ಚೆಲ್ಲುವುದಿಲ್ಲ, ಮೇಲೆ ಗುಂಡು ಕೂತರೆ ಗೊತ್ತೇ ಆಗುವುದಿಲ್ಲ. ಒಂದೂ ಬೀಳದಿದ್ದರೆ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯ ನಡುವೆ ಹೋಗಿ ನಿಲ್ಲುತ್ತದೆ. ಅದಕ್ಕೇ ಐವತ್ತು ಕೇಸಿನ ಹಲಗೆಯಲ್ಲಿ ಮದ್ದು ಹಾಕಿ, ಗುಂಡು ಕೂರಿಸುವ ಮೊದಲು ಟಾರ್ಚ್ ಹಿಡಿದು ಎಲ್ಲದರ ಮಟ್ಟ ಒಂದೇ ಇದೆಯಾ ನೋಡುವುದು. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ, ಮೊಬೈಲು ಬೇರೆ ಕೋಣೆಯಲ್ಲಿ. ತಿಂಗಳಿಗೆ ಒಂದು ಪೆಟ್ಟಿಗೆ ಹಾರಿಸುವವರಿಗೆ ಇಲ್ಲೂ ನಾನು ಕೊಂಡುಕೊಳ್ಳಿ ಎಂದೇ ಹೇಳುವುದು.

ಪ್ರಶ್ನೆ – ವಿದ್ಯಾರ್ಥಿಯ ತಂದೆ, ಶಿವಮೊಗ್ಗ

ಮಗಳು ಪಾಯಿಂಟ್ 22 ರೈಫಲ್ ಅಭ್ಯಾಸ ಮಾಡುತ್ತಾಳೆ. ಅದರ ಖಾಲಿ ಕೇಸು ತುಂಬಲು ಬರುತ್ತದೆಯೇ?

ಉತ್ತರ – ಶೂಟಿಂಗ್ ತರಬೇತುದಾರರು

ಬರುವುದಿಲ್ಲ. ಅದರಲ್ಲಿ ಬದಲಿಸುವ ಪ್ರೈಮರ್ ಇಲ್ಲ, ಸಿಡಿಮದ್ದು ಕೇಸಿನ ಅಂಚಿನೊಳಗೇ ಲೇಪವಾಗಿರುತ್ತದೆ, ಪಿನ್ನು ಅಂಚನ್ನೇ ಜಜ್ಜುತ್ತದೆ. ಆ ಸಮಯವನ್ನು ಲಾಟ್ (ಕಾರ್ಖಾನೆಯಲ್ಲಿ ಒಂದೇ ಸಲ ತಯಾರಾದ ತೋಟಾಗಳ ತಂಡ) ಪರೀಕ್ಷೆಗೆ ಕೊಡಿ. ಒಂದೇ ಕಂಪನಿಯ ಬೇರೆ ಬೇರೆ ಲಾಟಿನಿಂದ ಐವತ್ತೈವತ್ತು ತಂದು, 50 ಮೀಟರಿನಲ್ಲಿ ರೈಫಲ್ಲನ್ನು ಕ್ಲಾಂಪಿಗೆ ಕಟ್ಟಿ ಹತ್ತತ್ತರ ಗುಂಪು ಹಾರಿಸಿ. ಲಾಟ್ ಬದಲಿಸಿದಾಗ ಮೊದಲ ಹತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ನಳಿಗೆಯಲ್ಲಿ ಹಳೆಯ ಗ್ರೀಸು ಇರುತ್ತದೆ. ಗುಂಪು ಚಿಕ್ಕದಾಗಿ ಬಂದ ಲಾಟ್ ಸಂಖ್ಯೆಯನ್ನೇ ಸೀಸನ್ನಿಗೆ ಆಗುವಷ್ಟು ಕೊಂಡುಬಿಡಿ.

ಪ್ರಶ್ನೆ – ಮೊದಲ ಬೆಳೆಗಾರರು

ಕೊನೆಯದಾಗಿ. ಮಳೆಗಾಲ ಮುಗಿಯುವ ಹೊತ್ತಿಗೆ ತೋಟಾದ ಹಿತ್ತಾಳೆ ಹಸಿರಾಗುತ್ತದೆ. ಒಲೆ ಮೇಲಿನ ಅಟ್ಟದಲ್ಲಿ ಅಡಿಕೆ, ಮೆಣಸಿನ ಜೊತೆ ಇಟ್ಟರೆ ಒಣಗಿರುತ್ತದೆ ಎಂದು ಅಲ್ಲೇ ಇಡುತ್ತಿದ್ದೆವು.

ಉತ್ತರ – ಕೋವಿ ರಿಪೇರಿ ಪರವಾನಗಿದಾರರು

ಅಟ್ಟದಿಂದ ಇವತ್ತೇ ಇಳಿಸಿ. ಹೊಗೆಯಿಲ್ಲದ ಮದ್ದಿಗೆ ತೇವಕ್ಕಿಂತ ಬಿಸಿಯೇ ದೊಡ್ಡ ಶತ್ರು. ಅದರಲ್ಲಿ ಬೆರೆಸಿದ ಸ್ಥಿರಕಾರಿ ಬಿಸಿಗೆ ಬೇಗ ಖರ್ಚಾಗಿ ಮದ್ದು ತಾನಾಗಿಯೇ ಕೊಳೆಯುತ್ತದೆ. ಬಿಸಿಲಿಗೆ ಒಣಹಾಕುವುದೂ ಅಷ್ಟೇ ತಪ್ಪು. ರಬ್ಬರ್ ವಾಷರ್ ಇರುವ, ಗಾಳಿಯಾಡದ ಡಬ್ಬ ತನ್ನಿ. ಹಿಡಿಯಷ್ಟು ಸಿಲಿಕಾ ಜೆಲ್ ಬಟ್ಟೆಯಲ್ಲಿ ಕಟ್ಟಿ ಒಳಗಿಡಿ. ಬಣ್ಣ ಬದಲಿಸುವ ಜಾತಿಯದಾದರೆ ತೇವ ಹೀರಿದ್ದು ಗೊತ್ತಾಗುತ್ತದೆ, ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿ ಮತ್ತೆ ಇಡಬಹುದು. ಬಿಸಿ ಮಾಡುವುದು ಜೆಲ್ಲನ್ನು ಮಾತ್ರ, ಡಬ್ಬವನ್ನಲ್ಲ. ನಡುಮನೆಯ ಒಳಗೋಡೆ ಕಡೆಯ ಬೀರುವಿನಲ್ಲಿ, ಬೀಗ ಹಾಕಿ, ಕೋವಿಯಿಂದ ಬೇರೆಯಾಗಿ ಇಡಿ. ಚರ್ಮದ ತೋಟಾ ಪಟ್ಟಿಯಲ್ಲಿ ವರ್ಷಗಟ್ಟಲೆ ಬಿಡಬೇಡಿ, ಹದಗೊಳಿಸಿದ ಚರ್ಮದ ಆಮ್ಲವೇ ಹಿತ್ತಾಳೆ ಹಸಿರಾಗಲು ಒಂದು ಕಾರಣ.

ಮೇಲೆ ತೆಳು ಹಸಿರು, ಒಣಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ ಎಂದರೆ ತೊಂದರೆಯಿಲ್ಲ. ಎಣ್ಣೆ ಹಚ್ಚಬೇಡಿ, ಪ್ರೈಮರಿನ ಸಂದಿನಿಂದ ಒಳಗೆ ಇಳಿಯುತ್ತದೆ. ಹಿತ್ತಾಳೆಯಲ್ಲಿ ಗುಳಿ ಬಿದ್ದಿದ್ದರೆ, ಮಡಿಕೆ ಉಬ್ಬಿದ್ದರೆ, ಕಾಗದದ ಕೇಸು ಊದಿ ಚೇಂಬರಿಗೆ ಬಿಗಿಯಾದರೆ ಹಾರಿಸಬೇಡಿ. ಒಲೆಗೂ ಬೇಡ, ಬಾವಿಗೂ ಬೇಡ. ಪರವಾನಗಿ ಪುಸ್ತಕದ ಜೊತೆ ಅಂಗಡಿಗೋ ಠಾಣೆಗೋ ಒಪ್ಪಿಸಿ, ಸಂಖ್ಯೆ ಬರೆಸಿ ರಸೀದಿ ತೆಗೆದುಕೊಳ್ಳಿ. ಚುನಾವಣೆ ಬಂದಾಗ ಕೋವಿ ಠಾಣೆಗೆ ಹೋಗುತ್ತದಲ್ಲ, ಆಗಲೂ ತೋಟಾದ ಲೆಕ್ಕ ಇದೇ ಪುಸ್ತಕಕ್ಕೆ ತಾಳೆಯಾಗಬೇಕು. ಸ್ಟಾಕ್ ಸಿಗದ ತಾಪತ್ರಯಕ್ಕೆ ಮಳೆ ಹಿಡಿಯುವ ಮೊದಲು, ಮೇ ತಿಂಗಳಲ್ಲೇ ಅಂಗಡಿಗೆ ಫೋನ್ ಮಾಡಿ, ಪುಸ್ತಕದಲ್ಲಿ ಬರೆದ ಮಿತಿಯೊಳಗೆ ವರ್ಷದ್ದನ್ನು ಒಟ್ಟಿಗೇ ತಂದುಕೊಳ್ಳಿ. ನಳಿಗೆಯ ಅಡಿಯ ಗುರುತಿನ ಫೋಟೊ ಹಿಡಿದುಕೊಂಡು ಬನ್ನಿ, 65ರದ್ದು ಬೇಕಾದರೆ ಮೊದಲೇ ಹೇಳಿ ತರಿಸಬೇಕಾಗುತ್ತದೆ.