ಸಹಾಯ ಬೇಕು: ಅರವಂಕಾಡು ಕಾರ್ಡೈಟ್ ಫ್ಯಾಕ್ಟರಿ ಕ್ವಾರ್ಟರ್ಸ್ ಹಳೇ ಫೋಟೋ, ಮಾಹಿತಿ

ಎಲ್ರಿಗೂ ನಮಸ್ಕಾರ. ಊಟಿ ಟಾಯ್ ಟ್ರೇನಲ್ಲಿ ಹೋದೋರಿಗೆ ವೆಲ್ಲಿಂಗ್ಟನ್ ಆದ್ಮೇಲೆ ಬರೋ ಅರವಂಕಾಡು ಸ್ಟೇಷನ್ ನೆನಪಿರ್ಬೋದು, ಅಲ್ಲೇ ಬ್ರಿಟಿಷರು 1903-04ರ ಹೊತ್ತಿಗೆ ಶುರು ಮಾಡಿದ, ಬಂದೂಕು-ಫಿರಂಗಿಗೆ ಬೇಕಾದ ಸಿಡಿಮದ್ದಿನ ಫ್ಯಾಕ್ಟರಿ ಇರೋದು. ನೈಟ್ರೋಗ್ಲಿಸರಿನ್, ಗನ್‌ಕಾಟನ್ ಅನ್ನೋ ಎರಡು ಸ್ಫೋಟಕಗಳನ್ನ ಅಸಿಟೋನ್ (ಕರಗಿಸೋ ದ್ರವ) ಹಾಕಿ ಕಲಸಿ, ಜೊತೆಗೆ ಒಂಚೂರು ವ್ಯಾಸಲೀನ್ (ಹೌದು, ನಾವು ತುಟಿಗೆ ಹಚ್ಚೋ ಅದೇ ಜೆಲ್ಲಿ!) ಸೇರ್ಸಿ ಶಾವಿಗೆ ಥರ ಒತ್ತಿ ತೆಗೀತಿದ್ರಂತೆ, ಅದೇ ಕಾರ್ಡೈಟ್. ಆಗ ಫ್ಯಾಕ್ಟರಿಗೆ ಕರೆಂಟು ಬರ್ತಿದ್ದಿದ್ದು ಹತ್ತಿರದ ಕಾಟೇರಿ ಫಾಲ್ಸಿಂದ. 2021ರಿಂದ ಫ್ಯಾಕ್ಟರಿ ಕೇಂದ್ರ ಸರ್ಕಾರದ ಮ್ಯುನಿಷನ್ಸ್ ಇಂಡಿಯಾ ಕಂಪನಿ ಕೈಲಿದೆ.

ಫ್ಯಾಕ್ಟರಿ ಬಗ್ಗೆ ಹೆಂಗೋ ಸಿಗತ್ತೆ, ಆದ್ರೆ ಕ್ವಾರ್ಟರ್ಸ್ ಜನಜೀವನದ ಬಗ್ಗೆ ಕನ್ನಡದಲ್ಲಿ ಏನೂ ಸಿಕ್ತಿಲ್ಲ. ಅಲ್ಲಿ ಕೆಲಸ ಮಾಡಿದ ಬಡಗರು (ನೀಲಗಿರಿಯ ಒಂದು ಸಮುದಾಯ), ಕನ್ನಡದೋರು ಯಾರಾದ್ರೂ ನಿಮ್ಮನೇಲಿ ಇದ್ರೆ, ಹಳೇ ಫೋಟೋ ಇದ್ರೆ ಕಾಮೆಂಟ್ ಹಾಕಿ ಪ್ಲೀಸ್. ಫ್ಯಾಕ್ಟರಿ ಒಳಗಿಂದು ಬೇಡ, ಮನೆ-ಸ್ಕೂಲು-ಹಬ್ಬದ್ದು ಸಾಕು.